ಪ್ಲೇಟಿನೊಳಗಿನ ಇಗರ್ಜಿ

ಆರ್ಗನ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ನಾಟಕದ ಕಂಪೆನಿಯ ಲೆಗ್ ಹಾರ್ಮೋನಿಯಂ. ರಂಗದ ಮುಂದಿನ ತಗ್ಗಿನಲ್ಲಿ ಕುಳಿತು, ಕಾಲಿನಿಂದ ತಿದಿಯೊತ್ತುತ್ತ, ಎರಡು ಕೈಗಳಿಂದಲೂ ಕಪ್ಪು ಬಿಳಿ ಮನೆಗಳ ಮೇಲೆ ಓಡಾಡುತ್ತ, ರಾಜಾಪಾರ್ಟಿನವನ ಶ್ರುತಿ ಜಾರಿದರೆ ಕಣ್ಣಿನಲ್ಲೇ ಗದರಿಸುತ್ತಿದ್ದ ಮೇಷ್ಟರ ವಾದ್ಯ ಅದು. ಅದನ್ನು ‘ಆರ್ಗನ್’ ಎಂದೇ ಕರೆಯುತ್ತಿದ್ದವರೂ ಇದ್ದರು. ಹೆಸರಿನಲ್ಲೇನೋ ನಂಟುಂಟು, ವಂಶ ಮಾತ್ರ ಬೇರೆ. ಹಾರ್ಮೋನಿಯಂ ಈಚಿನ ಕೂಸು. ಪ್ಯಾರಿಸ್ಸಿನ ದೆಬ್ಯಾಂ ಎಂಬಾತ ೧೮೪೨ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಅದರ ಹೊಟ್ಟೆಯಲ್ಲಿರುವುದು ಗಾಳಿಗೆ ನಡುಗುವ ಲೋಹದ ನಾಲಗೆಗಳು. ಇಗರ್ಜಿಯ ಆರ್ಗನ್ನಿನ ಹೊಟ್ಟೆಯಲ್ಲಿರುವುದು ಕೊಳವೆಗಳು. ಪೆನ್ಸಿಲ್ ಗಾತ್ರದ್ದರಿಂದ ಹಿಡಿದು ತೆಂಗಿನ ಮರದೆತ್ತರದ್ದರವರೆಗೆ, ದೊಡ್ಡ ವಾದ್ಯವಾದರೆ ಕೆಲವು ಸಾವಿರ. ಅವುಗಳಲ್ಲಿ ಹೆಚ್ಚಿನವು ನುಡಿಯುವ ರೀತಿ ಕೊಳಲಿನದೇ. ಆದ್ದರಿಂದ ಜಾತಕ ನೋಡಿದರೆ ಆರ್ಗನ್ನು ನಮ್ಮ ಹಾರ್ಮೋನಿಯಮ್ಮಿಗಿಂತ ನಮ್ಮ ವೇಣುವಿಗೇ ಹತ್ತಿರದ ಬಂಧು ಎಂದು ನಾನು ವಾದಿಸುತ್ತೇನೆ. ಸಂಗೀತ ಬಲ್ಲ ನನ್ನ ಮಿತ್ರರು ಈ ವಾದವನ್ನು ಒಪ್ಪಿಲ್ಲ.

ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಗಮಕವಿಲ್ಲದ ವಾದ್ಯ ಎಂಬ ಕಾರಣಕ್ಕೆ ನಮ್ಮ ಆಕಾಶವಾಣಿ ಹಾರ್ಮೋನಿಯಮ್ಮನ್ನು ೧೯೪೦ರಿಂದ ೧೯೭೧ರವರೆಗೆ ಬಾಗಿಲಿನಾಚೆ ನಿಲ್ಲಿಸಿತ್ತು. ಆ ನ್ಯಾಯವನ್ನೇ ಹಿಡಿದರೆ ಆರ್ಗನ್ನು ಅದಕ್ಕಿಂತ ದೊಡ್ಡ ಅಪರಾಧಿ. ಮನೆ ಒತ್ತಿದರೆ ಸ್ವರ ಹೊರಡುತ್ತದೆ, ಬೆರಳು ತೆಗೆಯುವವರೆಗೆ ಗೋಡೆಯ ಹಾಗೆ ನಿಂತಿರುತ್ತದೆ, ತೆಗೆದರೆ ನಿಲ್ಲುತ್ತದೆ. ಅದು ಬಾಗುವುದಿಲ್ಲ, ತೂಗುವುದಿಲ್ಲ, ಕರಗುವುದಿಲ್ಲ. ತೋಡಿಯ ಗಾಂಧಾರವನ್ನು ಕೇಳಿ ಬೆಳೆದ ಕಿವಿಗೆ ಇದರಲ್ಲಿ ಏನಿದೆ?

ನಾನು ಕಂಡುಕೊಂಡ ಉತ್ತರ ಇದು: ಆರ್ಗನ್ನಿನ ಗಮಕ ಆರ್ಗನ್ನಿನಲ್ಲಿಲ್ಲ, ಕಟ್ಟಡದಲ್ಲಿದೆ. ವಾದಕ ಬೆರಳು ತೆಗೆದ ಮೇಲೂ ಸ್ವರ ಕಲ್ಲಿನ ಚಾವಣಿಗೆ ಏರಿ, ಕಂಬದಿಂದ ಕಂಬಕ್ಕೆ ಹಾಯ್ದು, ಮೆತ್ತಗಾಗುತ್ತ ಇಳಿದುಬರುತ್ತದೆ. ಬಾಗುವುದು, ಕರಗುವುದು ಎಲ್ಲ ಆಗ ನಡೆಯುತ್ತದೆ. ಆ ಸಂಗೀತವನ್ನು ಬರೆದವರು, ಹಾಡುವವರು, ನುಡಿಸುವವರು ಎಲ್ಲರೂ ಈ ಮಾರುತ್ತರಕ್ಕೆ ಜಾಗ ಬಿಟ್ಟೇ ಕೆಲಸ ಮಾಡುತ್ತಾರೆ. ಆದ್ದರಿಂದ ಇಗರ್ಜಿಯ ಸಂಗೀತವನ್ನು ಧ್ವನಿಮುದ್ರಿಸುವವನು ಹಾಡನ್ನು ಹಿಡಿದರೆ ಸಾಲದು, ಕಟ್ಟಡವನ್ನೂ ಹಿಡಿಯಬೇಕು. ಹೀಗೆ ಹಿಡಿದಿಟ್ಟ ಕೆಲವು ಕಟ್ಟಡಗಳು ಕಪಾಟಿನೊಳಗೆ ಉಳಿದು, ನೆಲದ ಮೇಲೆ ಇಲ್ಲದೆ ಹೋಗಿವೆ.

ನನಗೆ ಈ ರುಚಿ ಹತ್ತಿದ್ದು ಸೋದರಮಾವನಿಂದ. ಅವರಿಗೆ ಸಂಗೀತದಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ, ಹರಾಜಿನಲ್ಲಿ ಇತ್ತು. ಬೆಂಗಳೂರಿನ ದಂಡಿನಲ್ಲಿ ಯಾರೋ ದೊರೆಗಳು ಊರು ಬಿಡುವಾಗ ಮನೆಯ ಸಾಮಾನನ್ನೆಲ್ಲ ಕೂಗಿದರಂತೆ. ಮಾವ ಒಂದು ಕೀಲಿಯ ಗ್ರಾಮಫೋನನ್ನೂ ಜೊತೆಗೊಂದು ಕಟ್ಟು ಪ್ಲೇಟುಗಳನ್ನೂ ತಂದರು. ಆ ಕಟ್ಟಿನಲ್ಲಿ ಬಿಡಾರಂ ಕೃಷ್ಣಪ್ಪನವರು ಸಿಕ್ಕಬಹುದೆಂದು ಆಸೆಪಟ್ಟ ಮನೆಯವರಿಗೆಲ್ಲ ನಿರಾಶೆಯಾಯಿತು. ನಾಯಿಯ ಗುರುತಿನ ಒಂದು ಹನ್ನೆರಡಂಗುಲದ ಪ್ಲೇಟು ಮಾತ್ರ ನನ್ನ ಪಾಲಿಗೆ ಬಂತು. ಅದರ ಸಂಖ್ಯೆ ಸಿ ೧೩೨೯. ಮೆಂಡೆಲ್ಸನ್ ೧೮೪೪ರಲ್ಲಿ ಬರೆದ ‘ಹಿಯರ್ ಮೈ ಪ್ರೇಯರ್’ ಎಂಬ ಪ್ರಾರ್ಥನೆ. ಅರ್ಧ ಈ ಮಗ್ಗುಲು, ಅರ್ಧ ಆ ಮಗ್ಗುಲು. ಮುಳ್ಳಿನ ಕರಕರದ ಹಿಂದಿನಿಂದ ಮೊದಲು ಆರ್ಗನ್ನು, ಬಳಿಕ ಒಬ್ಬ ಹುಡುಗನ ದನಿ. ಪದ ಒಂದೂ ಅರ್ಥವಾಗಲಿಲ್ಲ. ಆ ದನಿ ಕೋಣೆಯೊಂದರಲ್ಲಿ ನಿಂತು ಹಾಡುತ್ತಿಲ್ಲ, ಬಹಳ ದೊಡ್ಡ ಬಯಲಂಥ ಒಂದರೊಳಗೆ ನಿಂತಿದೆ ಎಂಬುದು ಮಾತ್ರ ಗೊತ್ತಾಯಿತು. ನಮ್ಮ ಹಜಾರವಿದ್ದದ್ದು ಹತ್ತಡಿಗೆ ಹನ್ನೆರಡಡಿ. ಪ್ಲೇಟು ತಿರುಗುವಷ್ಟು ಹೊತ್ತು ಅದು ಅಗಲವಾಗುತ್ತಿತ್ತು.

ಆ ಹುಡುಗ ಅರ್ನೆಸ್ಟ್ ಲಫ್. ಸ್ಥಳ ಲಂಡನ್ನಿನ ಟೆಂಪಲ್ ಚರ್ಚು. ದಿನ ೧೯೨೭ನೆಯ ಏಪ್ರಿಲ್ ೫. ಅವನಿಗೆ ಆಗ ಹದಿನೈದು ವರ್ಷ. ಆರ್ಗನ್ ನುಡಿಸಿದವರು ಆ ಚರ್ಚಿನ ಸಂಗೀತದ ಹೊಣೆ ಹೊತ್ತಿದ್ದ ಜಾರ್ಜ್ ಥಾಲ್ಬೆನ್-ಬಾಲ್.

ಇಂಥ ಪ್ಲೇಟು ಅದಕ್ಕೆ ಮೂರು ವರ್ಷ ಹಿಂದೆ ಬರುವಂತಿರಲಿಲ್ಲ. ೧೯೨೫ರವರೆಗೆ ಧ್ವನಿಮುದ್ರಣವೆಂದರೆ ಹಾಡುವವರು ಒಂದು ದೊಡ್ಡ ಕಹಳೆಯ ಬಾಯೊಳಗೆ ಹೆಚ್ಚುಕಡಮೆ ತಲೆ ಇಟ್ಟು ಕೂಗುವುದು; ಆ ಉಸಿರಿನ ಒತ್ತಡವೇ ಮೇಣದ ಮೇಲೆ ಗೀರುತ್ತಿತ್ತು. ಪಿಟೀಲಿನವನನ್ನು ಕಹಳೆಯ ಹತ್ತಿರಕ್ಕೆ ಕರೆದು ಕೂರಿಸಬಹುದು, ಆರ್ಗನ್ನನ್ನು ಕರೆಯುವುದು ಹೇಗೆ? ಅದು ಗೋಡೆಗೆ ಕಟ್ಟಿಸಿಕೊಂಡ ವಾದ್ಯ. ಮೈಕು ಬಂದ ಮೇಲೆ ಯಂತ್ರವೇ ವಾದ್ಯವಿದ್ದಲ್ಲಿಗೆ ಹೋಗಲು ಕಲಿಯಿತು. ಎಚ್.ಎಂ.ವಿ.ಯವರು ಒಂದು ಮೋಟಾರು ವ್ಯಾನಿನಲ್ಲಿ ಮುದ್ರಣದ ಸಲಕರಣೆಗಳನ್ನೆಲ್ಲ ತುಂಬಿಕೊಂಡು ಹೊರಟರು. ವ್ಯಾನು ಹೊರಗೆ ನಿಂತಿತು, ತಂತಿ ಒಳಗೆ ಹೋಯಿತು.

ಟೆಂಪಲ್ ಚರ್ಚು ವಕೀಲರ ಚರ್ಚು. ಕಟ್ಟಿದವರು ಟೆಂಪ್ಲರ್ ಎಂಬ ಧರ್ಮಯೋಧರು. ಅದರ ದುಂಡನೆಯ ಭಾಗಕ್ಕೆ ಪ್ರತಿಷ್ಠೆಯಾದದ್ದು ೧೧೮೫ರಲ್ಲಿ. ಬಹುಕಾಲದಿಂದ ಅದು ಲಂಡನ್ನಿನ ಎರಡು ವಕೀಲರ ಸಂಘಗಳ ಸೊತ್ತು. ವಕೀಲರಿದ್ದ ಮೇಲೆ ವ್ಯಾಜ್ಯವಿಲ್ಲದೆ ಆರ್ಗನ್ನಾದರೂ ಹೇಗೆ ಬಂದೀತು? ೧೬೮೦ರ ದಶಕದಲ್ಲಿ ಸ್ಮಿತ್ ಮತ್ತು ಹ್ಯಾರಿಸ್ ಎಂಬ ಇಬ್ಬರು ಆರ್ಗನ್ ಕಟ್ಟುವವರು ಒಂದೇ ಚರ್ಚಿನಲ್ಲಿ ಒಂದೊಂದು ಆರ್ಗನ್ ನಿಲ್ಲಿಸಿ ಪಂದ್ಯ ಹೂಡಿದರು. ಒಂದು ಸಂಘ ಒಬ್ಬನ ಕಡೆ, ಇನ್ನೊಂದು ಇನ್ನೊಬ್ಬನ ಕಡೆ. ಒಂದು ರಾತ್ರಿ ಒಂದು ಪಕ್ಷದವರು ಇನ್ನೊಂದು ಪಕ್ಷದ ತಿದಿಯನ್ನೇ ಕೊಯ್ದರೆಂದು ಕಥೆಯುಂಟು. ವರ್ಷಗಟ್ಟಲೆ ನಡೆದ ಈ ಖಟ್ಲೆಯನ್ನು ಕಡೆಗೆ ಜೆಫ್ರೀಸ್ ಎಂಬ ನ್ಯಾಯಾಧೀಶ ಸ್ಮಿತ್ತನ ಪರವಾಗಿ ತೀರ್ಮಾನಿಸಿದ. ಗಲ್ಲಿಗೇರಿಸುವುದರಲ್ಲಿ ಹೆಸರಾದವನು ಈತ. ಅವನ ತೀರ್ಪುಗಳಲ್ಲಿ ಇದೊಂದರಿಂದಲೇ ಲೋಕಕ್ಕೆ ಸಂತೋಷವಾದದ್ದಿರಬೇಕು.

ಪ್ಲೇಟು ಯಾರೂ ಎಣಿಸದಷ್ಟು ಮಾರಿತು. ಹತ್ತು ಲಕ್ಷವನ್ನೂ ದಾಟಿತು. ಒತ್ತಿ ಒತ್ತಿ ಮೂಲ ಅಚ್ಚೇ ಸವೆದುಹೋಗಿ, ೧೯೨೮ರಲ್ಲಿ ಅದೇ ಹುಡುಗನನ್ನು ಅದೇ ಜಾಗದಲ್ಲಿ ನಿಲ್ಲಿಸಿ ಅದೇ ಹಾಡನ್ನು ಮತ್ತೆ ಮುದ್ರಿಸಿಕೊಂಡು, ಅದೇ ಸಂಖ್ಯೆಯಲ್ಲಿ ಮಾರಿದರು. ಅವನ ಪುಣ್ಯ, ಕಂಪೆನಿಯ ಪುಣ್ಯ, ಅವನ ಗಂಟಲು ಅಷ್ಟರಲ್ಲಿ ಒಡೆದಿರಲಿಲ್ಲ. ಜನ ಸುಮ್ಮನಿರುತ್ತಾರೆಯೆ? ಇಂಥ ದನಿ ಭೂಮಿಯ ಮೇಲೆ ಬಹಳ ದಿನ ಇರಲಾರದು, ಹುಡುಗ ಸತ್ತನಂತೆ ಎಂದು ಸುದ್ದಿ ಹಬ್ಬಿಸಿದರು. ಹುಡುಗ ಸಾಯಲಿಲ್ಲ. ದೊಡ್ಡವನಾಗಿ, ಗಂಡಸಿನ ದನಿಯಲ್ಲಿ ಅದೇ ಚರ್ಚಿನ ಮೇಳದಲ್ಲಿ ಹಾಡಿದ. ಅವನ ಮಕ್ಕಳೂ ಅಲ್ಲಿ ಹಾಡಿದರು. ೨೦೦೦ದಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡ.

ಸತ್ತದ್ದು ಕಟ್ಟಡ. ೧೯೪೧ನೆಯ ಮೇ ೧೦ರ ರಾತ್ರಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬೆಂಕಿಯ ಬಾಂಬುಗಳನ್ನು ಸುರಿದಾಗ ಚರ್ಚಿನ ಚಾವಣಿ ಹೊತ್ತಿಕೊಂಡು ಕುಸಿಯಿತು. ಆರ್ಗನ್ನು ಬೂದಿಯಾಯಿತು. ಇಂದು ಅಲ್ಲಿ ಇರುವುದು ಯುದ್ಧದ ಅನಂತರ ಜೀರ್ಣೋದ್ಧಾರವಾದ ಚರ್ಚು. ಆರ್ಗನ್ನು ಸ್ಕಾಟ್ಲೆಂಡಿನ ಒಂದು ಶ್ರೀಮಂತರ ಮನೆಯಿಂದ ಬಂದದ್ದು. ಚೆನ್ನಾಗಿಯೇ ಇದೆ, ಸಂದೇಹವಿಲ್ಲ. ಆದರೆ ೧೯೨೭ರ ಆ ದಿನ ಹುಡುಗನ ದನಿಯನ್ನು ಎತ್ತಿ ಹಿಡಿದ ಗಾಳಿ ಈಗ ಇರುವುದು ಪ್ಲೇಟಿನ ಗೀರಿನಲ್ಲಿ ಮಾತ್ರ.

ಇದೊಂದೇ ಎಂದುಕೊಳ್ಳಬೇಡಿ. ಲಾಂಬರೇನೆಯ ಆಸ್ಪತ್ರೆಯಿಂದ ಲೋಕಕ್ಕೆಲ್ಲ ಪರಿಚಿತರಾದ ಡಾಕ್ಟರ್ ಶ್ವೈಟ್ಸರ್ ಆರ್ಗನ್ ವಿದ್ವಾಂಸರೂ ಹೌದು; ಕಾಡಿನ ತೇವಕ್ಕೆ ಕೆಡದಂತೆ ಸತುವಿನ ತಗಡು ಹೊದಿಸಿದ, ಆರ್ಗನ್ನಿನ ಕಾಲುಮಣೆಗಳಿದ್ದ ಪಿಯಾನೋ ಒಂದನ್ನು ಆಫ್ರಿಕದಲ್ಲಿ ಇಟ್ಟುಕೊಂಡು ರಾತ್ರಿಯ ಹೊತ್ತು ಅಭ್ಯಾಸ ಮಾಡುತ್ತಿದ್ದವರು. ೧೯೩೫ರ ಡಿಸೆಂಬರಿನಲ್ಲಿ ಅವರು ಲಂಡನ್ನಿನ ಆಲ್ ಹ್ಯಾಲೋಸ್ ಚರ್ಚಿನಲ್ಲಿ ಬಾಖನ ಕೃತಿಗಳನ್ನು ನುಡಿಸಿದ್ದನ್ನು ಕೊಲಂಬಿಯಾ ಕಂಪೆನಿ ಮುದ್ರಿಸಿತು. ಐದು ವರ್ಷಕ್ಕೆ, ೧೯೪೦ರ ಡಿಸೆಂಬರಿನಲ್ಲಿ, ಆ ಚರ್ಚಿನ ಮೇಲೂ ಬಾಂಬು ಬಿತ್ತು.

ಹಾಗಾದರೆ ಕಟ್ಟಡವನ್ನು ಹಿಡಿಯುವುದು ಹೇಗೆ? ಇದು ಬಲು ಸೂಕ್ಷ್ಮದ ಕೆಲಸ. ಮೈಕನ್ನು ಹಾಡುವವರ ಹತ್ತಿರ ತಂದರೆ ಪದಗಳು ಸ್ಪಷ್ಟ, ಕಟ್ಟಡ ಮಾಯ. ಹಿಂದಕ್ಕೆ ಒಯ್ದರೆ ಕಟ್ಟಡ ಬರುತ್ತದೆ, ಪದಗಳು ನೀರಿನಲ್ಲಿ ನೆನೆದ ಕಾಗದದಂತೆ ಆಗುತ್ತವೆ. ಇವೆರಡರ ನಡುವೆ ಎಲ್ಲೋ ಒಂದು ಗೇಣು ಜಾಗ ಸರಿಯಾದದ್ದು ಇರುತ್ತದೆ. ಅದನ್ನು ಕಿವಿಯಿಂದಲೇ ಹುಡುಕಬೇಕು. ಬೀದಿಯ ಗಾಡಿಗಳ ಸದ್ದಿಗೆ ಹೆದರಿ ರಾತ್ರಿಯ ಹೊತ್ತು ಮುದ್ರಿಸುವುದೂ ಉಂಟು. ಒಂದು ಸಾಲು ತಪ್ಪಿತು, ಮತ್ತೆ ಹಾಡಿ ಅಂಟಿಸೋಣವೆಂದರೆ ಹಿಂದಿನ ಸಾಲಿನ ಪ್ರತಿಧ್ವನಿ ಇನ್ನೂ ಚಾವಣಿಯಲ್ಲೇ ತೇಲುತ್ತಿರುತ್ತದೆ; ಕತ್ತರಿ ಹಾಕಿದರೆ ಅದರ ಬಾಲ ತುಂಡಾಗಿ, ಕೇಳುವವನಿಗೆ ಬಿಕ್ಕಳಿಕೆ ಬಂದಂತಾಗುತ್ತದೆ. ಇನ್ನು ಆರ್ಗನ್ನಿನ ಮಂದ್ರ. ಮೂವತ್ತೆರಡಡಿಯ ಕೊಳವೆಯ ತೀರ ಕೆಳಗಿನ ಸ್ವರ ಸೆಕೆಂಡಿಗೆ ಹದಿನಾರು ಸಲ ಕಂಪಿಸುತ್ತದೆ. ಅದು ಕಿವಿಗೆ ಕೇಳಿಸುವುದಕ್ಕಿಂತ ಹೆಚ್ಚಾಗಿ ಕುಳಿತ ಬೆಂಚಿಗೆ ಕೇಳಿಸುತ್ತದೆ. ಮಾವನ ಗ್ರಾಮಫೋನಿಗೆ ಅದರ ಸುಳಿವೇ ಇರಲಿಲ್ಲ. ಈಗ ಎಲ್ಲರ ಜೇಬಿನಲ್ಲಿರುವ ಫೋನಿನ ಕಿರಿದಾದ ಬಾಯಿಗೂ ಇಲ್ಲ. ಈ ವಿಷಯದಲ್ಲಿ ನೂರು ವರ್ಷದ ಪ್ರಗತಿ ಮನುಷ್ಯನನ್ನು ಹೊರಟಲ್ಲಿಗೇ ತಂದು ಬಿಟ್ಟಿದೆ.

ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರವೆಂದರೆ ಧ್ವನಿಮುದ್ರಕರಿಗೆ ಕಾಶಿ. ೧೪೪೬ರಲ್ಲಿ ಅಡಿಗಲ್ಲು, ೧೫೧೫ರಲ್ಲಿ ಕಲ್ಲಿನ ಕೆಲಸ ಮುಕ್ತಾಯ. ಉದ್ದ ಇನ್ನೂರೆಂಬತ್ತೊಂಬತ್ತಡಿ, ಎತ್ತರ ಎಂಬತ್ತಡಿ. ಮೇಲೆ ಬೀಸಣಿಗೆ ಬಿಚ್ಚಿಟ್ಟಂಥ ಕಲ್ಲಿನ ಚಾವಣಿ. ಮೇಳದವರು ಎರಡು ಪಾಲಾಗಿ ಎದುರುಬದುರಿನ ಸಾಲುಗಳಲ್ಲಿ ನಿಲ್ಲುತ್ತಾರೆ. ಭಜನೆಯಲ್ಲಿ ನಾವೂ ಹಾಗೆಯೇ ತಾನೆ? ಒಂದು ಸಾಲು ಎತ್ತಿಕೊಟ್ಟದ್ದಕ್ಕೆ ಇನ್ನೊಂದು ಸಾಲು ಉತ್ತರ ಕೊಡುತ್ತದೆ. ೧೯೫೮ರಲ್ಲಿ ಸ್ಟೀರಿಯೋ ಪ್ಲೇಟುಗಳು ಮಾರುಕಟ್ಟೆಗೆ ಬಂದಾಗ ಈ ಮೇಳಗಳಿಗೆ ಅದು ಹೇಳಿಮಾಡಿಸಿದಂತಿತ್ತು: ಎಡಗಿವಿಗೆ ಒಂದು ಸಾಲು, ಬಲಗಿವಿಗೆ ಒಂದು ಸಾಲು, ನಡುವೆ ಕತ್ತಲು.

೧೯೬೩ರಲ್ಲಿ ಡೇವಿಡ್ ವಿಲ್ಕಾಕ್ಸ್ ನಿರ್ದೇಶನದಲ್ಲಿ ಅಲ್ಲಿ ಮುದ್ರಿಸಿದ ಅಲ್ಲೆಗ್ರಿಯ ‘ಮಿಸೆರೆರೆ’ಯನ್ನು ಕೇಳದ ಇಗರ್ಜಿಸಂಗೀತದ ಹುಚ್ಚರು ಇಲ್ಲ. ಪೋಪರ ಸಿಸ್ಟೀನ್ ಮಂದಿರಕ್ಕೆಂದೇ ಹದಿನೇಳನೆಯ ಶತಮಾನದಲ್ಲಿ ರಚಿಸಿದ ಹಾಡು ಅದು. ಹೊರಗಿನವರಿಗೆ ಅದರ ಪ್ರತಿ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ೧೭೭೦ರಲ್ಲಿ ಹದಿನಾಲ್ಕು ವರ್ಷದ ಮೊಟ್ಸಾರ್ಟ್ ಅಲ್ಲಿ ಅದನ್ನು ಕೇಳಿ, ಬಂದು ನೆನಪಿನಿಂದ ಬರೆದಿಟ್ಟನೆಂದು ಅವನ ತಂದೆ ಮನೆಗೆ ಕಾಗದ ಬರೆದ. ಏಕಸಂಧಿಗ್ರಾಹಿಗಳ ಕಥೆ ನಮಗೇನೂ ಹೊಸದಲ್ಲ. ಅಂತೂ ಆ ಹಾಡಿನ ಪ್ರಸಿದ್ಧ ಧ್ವನಿಮುದ್ರಕರಲ್ಲಿ ಮೊದಲನೆಯವನು ಒಬ್ಬ ಹುಡುಗ, ಯಂತ್ರ ಅವನ ಕಿವಿ. ೧೯೬೩ರ ಮುದ್ರಣದಲ್ಲಿ ಎಲ್ಲರ ದನಿಗಳ ಮೇಲಕ್ಕೆ ಒಂದು ದನಿ ಹೊರಟು, ಇನ್ನು ಏರಲಾರದು ಎನಿಸಿದಲ್ಲಿಂದಲೂ ಏರುತ್ತದೆ. ಆ ಅತಿತಾರದ ಸ್ವರ ಅಲ್ಲೆಗ್ರಿ ಬರೆದದ್ದೇ ಅಲ್ಲವಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿ ಮಾಡುವವರ ಗೊಂದಲದಿಂದ ಒಳಗೆ ನುಸುಳಿತೆಂದು ವಿದ್ವಾಂಸರು ಹೇಳುತ್ತಾರೆ. ಪ್ರಕ್ಷಿಪ್ತವೇ ಮೂಲಕ್ಕಿಂತ ಜನಪ್ರಿಯವಾಗುವುದು ನಮ್ಮ ಕುಮಾರವ್ಯಾಸನ ಓದುಗರಿಗೆ ಆಶ್ಚರ್ಯದ ಸಂಗತಿಯಲ್ಲ. ಹಾಡಿದವನು ಹನ್ನೆರಡು ವರ್ಷದ ರಾಯ್ ಗುಡ್‌ಮನ್; ರಗ್ಬಿ ಆಟದ ಬಯಲಿನಿಂದ ನೇರವಾಗಿ ಓಡಿಬಂದು ಹಾಡಿದನೆಂದು ಹೇಳುತ್ತಾರೆ. ಮುಂದೆ ಅವನು ಪಿಟೀಲು ವಾದಕನಾಗಿ, ವಾದ್ಯವೃಂದಗಳ ನಿರ್ದೇಶಕನಾಗಿ ಹೆಸರು ಪಡೆದ. ಆದರೆ ಆ ಸ್ವರ ಅವನಿಗೂ ಮತ್ತೆ ಸಿಕ್ಕುವಂಥದಲ್ಲ.

ಕಟ್ಟಡಕ್ಕೆ ಬಾಂಬು ಬೇಕು. ಹುಡುಗನ ದನಿಗೆ ಒಂದು ಚಳಿಗಾಲ ಸಾಕು. ಕಂಪೆನಿ ನಾಟಕಗಳಲ್ಲಿ ಸ್ತ್ರೀಪಾತ್ರದ ಹುಡುಗರಿಗೆ ಗಂಟಲು ಒಡೆದಾಗ ಯಜಮಾನರಿಗೆ ಆಗುತ್ತಿದ್ದ ಕಳವಳ ನಮಗೆ ಗೊತ್ತು. ನಿನ್ನೆಯವರೆಗೆ ಶಕುಂತಲೆಯಾಗಿದ್ದವನು ಇಂದು ಕಣ್ವರ ಆಶ್ರಮದ ಬಾಗಿಲಲ್ಲಿ ನಿಲ್ಲಬೇಕು. ಮಹಾಶಯ ಬಾಖನಿಗೂ ಇದು ತಪ್ಪಲಿಲ್ಲ. ೧೭೦೦ರಲ್ಲಿ ಹದಿನೈದರ ಹುಡುಗನಾಗಿ ಲ್ಯೂನೆಬುರ್ಗಿನ ಮೇಳಕ್ಕೆ ಸೇರಿದ ಸ್ವಲ್ಪ ದಿನಕ್ಕೇ ಅವನ ದನಿ ಹೋಯಿತು. ಆ ದನಿ ಹೇಗಿತ್ತೋ, ಕೇಳಿದವರು ಇಲ್ಲ. ಯಂತ್ರ ಬರುವುದಕ್ಕೆ ಮುಂಚಿನ ಎಲ್ಲ ಶತಮಾನಗಳ ಹುಡುಗರ ವಿಷಯವೂ ಅಷ್ಟೆ. ಪ್ರತಿ ವರ್ಷವೂ ಒಂದಿಬ್ಬರು ಸಾಲಿನಿಂದ ಇಳಿದರು, ಚಿಕ್ಕವರು ಒಂದಿಬ್ಬರು ಸಾಲು ಹತ್ತಿದರು, ಹಾಡು ನಡೆಯಿತು.

ಇಷ್ಟೆಲ್ಲ ಹೇಳುವ ನಾನು ಆ ಮತದವನಲ್ಲ. “ಮನೆದೇವರ ಪೂಜೇಲಿ ಹತ್ತು ನಿಮಿಷ ಕೂರೋಕೆ ನಿಮಗೆ ಕಾಲು ಜೋಮು ಹಿಡಿಯತ್ತೆ, ಇಗರ್ಜಿ ಹಾಡಿಗಾದರೆ ಒಂದೂವರೆ ಗಂಟೆ ಪದ್ಮಾಸನ!” ಎಂದು ನನ್ನಾಕೆ ಆಗಾಗ ಹೇಳುವುದುಂಟು. ಇದಕ್ಕೆ ನನ್ನಲ್ಲಿ ಸಮರ್ಪಕವಾದ ಉತ್ತರವಿಲ್ಲ. ನಂಬಿದವನು ಕೇಳುವಂತೆ ನಾನು ಕೇಳುತ್ತಿಲ್ಲ, ನಿಜ. ಬರಿಯ ಕಲೆಯೆಂದು ಕೇಳುತ್ತಿದ್ದೇನೆಂದರೆ ಅದೂ ಪೂರ್ತಿ ನಿಜವಾಗುವುದಿಲ್ಲ. ತಲೆಯ ಮೇಲೆ ಅಷ್ಟು ಎತ್ತರದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆಯಿಂದ ಹಾಡುವವರ ದನಿಗೆ ಒಂದು ಬಗೆಯ ಸಂಕೋಚವಿರುತ್ತದೆ. ಕಚೇರಿಯ ಗಾಯಕನಲ್ಲಿ ಅದು ಅಪರೂಪ. ಸಭೆಯನ್ನು ಗೆಲ್ಲಬೇಕೆಂಬ ಆತುರ ಅಲ್ಲಿಲ್ಲ. ಹಾಡು ಮುಗಿದರೆ ಚಪ್ಪಾಳೆಯೂ ಇಲ್ಲ.

ಒಂದೂವರೆ ಗಂಟೆಯೆಂದು ಆಕೆ ಹೇಳಿದ್ದು ಡಿಸೆಂಬರ್ ೨೪ರ ಲೆಕ್ಕ. ಒಂದನೆಯ ಮಹಾಯುದ್ಧ ನಿಂತು ಆರು ವಾರವಾಗಿದ್ದ ೧೯೧೮ರ ಕ್ರಿಸ್ಮಸ್ ಮುನ್ನಾದಿನ, ಸೈನ್ಯದಲ್ಲಿ ಪಾದ್ರಿಯಾಗಿದ್ದು ಹಿಂದಿರುಗಿದ ಎರಿಕ್ ಮಿಲ್ನರ್-ವೈಟ್ ಎಂಬವರು ಕಿಂಗ್ಸ್ ಕಾಲೇಜಿನಲ್ಲಿ ಒಂಬತ್ತು ಪಾಠಗಳ, ಕ್ಯಾರಲ್ ಹಾಡುಗಳ ಈ ಆರಾಧನೆಯನ್ನು ಆರಂಭಿಸಿದರು. ೧೯೨೮ರಿಂದ, ೧೯೩೦ ಒಂದನ್ನು ಬಿಟ್ಟು, ಪ್ರತಿ ವರ್ಷವೂ ಬಿ.ಬಿ.ಸಿ. ಅದನ್ನು ಬಿತ್ತರಿಸುತ್ತ ಬಂದಿದೆ. ಎರಡನೆಯ ಯುದ್ಧದಲ್ಲಿ ಬಣ್ಣದ ಗಾಜುಗಳನ್ನು ಕಳಚಿ ಬಚ್ಚಿಟ್ಟಿದ್ದಾಗಲೂ, ಶತ್ರುವಿಗೆ ತಿಳಿಯದಿರಲೆಂದು ಸ್ಥಳದ ಹೆಸರು ಹೇಳದೆಯೇ ಬಿತ್ತರಿಸಿದರು. ೨೦೨೦ರ ಸಾಂಕ್ರಾಮಿಕದಲ್ಲಿ ಜನರಿಲ್ಲದ ಮಂದಿರದಲ್ಲಿ ಮೊದಲೇ ಮುದ್ರಿಸಿಟ್ಟು ಕೇಳಿಸಿದರು. ಅಲ್ಲಿ ಮಧ್ಯಾಹ್ನ ಮೂರು ಗಂಟೆ. ಇಲ್ಲಿ ರಾತ್ರಿ ಎಂಟೂವರೆ. ದೀಪಗಳ ನಡುವೆ ಒಬ್ಬನೇ ಹುಡುಗ ಮೊದಲನೆಯ ಹಾಡಿನ ಮೊದಲನೆಯ ಪದ್ಯವನ್ನು ಯಾವ ವಾದ್ಯದ ಆಸರೆಯೂ ಇಲ್ಲದೆ ಎತ್ತಿಕೊಳ್ಳುತ್ತಾನೆ. ಯಾವ ಹುಡುಗ ಎಂಬುದನ್ನು ಕೊನೆಯ ಗಳಿಗೆಯವರೆಗೂ ಹೇಳದೆ ಇಟ್ಟು, ಕೈಸನ್ನೆ ಮಾಡಿ ಆರಿಸುವ ಪದ್ಧತಿ ಅಲ್ಲಿ ನಡೆದುಬಂದಿತ್ತು. ಹೆದರಿಕೆಗೆ ಹೊತ್ತು ಸಿಕ್ಕದಿರಲಿ ಎಂದು.

೧೯೮೦ರ ದಶಕದಲ್ಲಿ ನಾನಿದನ್ನು ಶಾರ್ಟ್‌ವೇವಿನಲ್ಲಿ ಹಿಡಿದು ಕ್ಯಾಸೆಟ್ಟಿಗೆ ತುಂಬುತ್ತಿದ್ದೆ. ನಮ್ಮ ರೇಡಿಯೋದಿಂದ ತಂತಿ ಎಳೆಯುವ ಅನುಕೂಲವಿರಲಿಲ್ಲ. ಟೇಪ್ ರೆಕಾರ್ಡರನ್ನು ಅದರೆದುರಿಗೆ ಮೇಜಿನ ಮೇಲಿಟ್ಟು ಗುಂಡಿ ಒತ್ತುವುದು. ಹಾಡು ದಡಕ್ಕೆ ಬರುವ ಅಲೆಯ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ನಡುವೆ ಯಾವುದೋ ದೇಶದ ವಾರ್ತೆ ತಲೆಹಾಕಿ ಹೋಗುತ್ತಿತ್ತು. ಕಿಂಗ್ಸ್ ಮಂದಿರದ ಅದೇ ಸಂಗೀತ ಈಗ ನಿಷ್ಕಳಂಕವಾಗಿ, ಬೇಕೆಂದ ಗಳಿಗೆಯಲ್ಲಿ ಸಿಕ್ಕುತ್ತದೆ. ಆದರೂ ಈಚೆಗೆ ಆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡಲು ಒಂದು ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ ಬುದ್ಧಿವಂತ. ಕರಕರವನ್ನೂ ನಡುವಿನ ಗಲಾಟೆಯನ್ನೂ ಒರೆಸಿ ತೆಗೆಯುವ ಉಪಾಯ ತನ್ನಲ್ಲಿದೆ, ಮಾಡಲೇ ಸಾರ್ ಎಂದು ಕೇಳಿದ. ಬೇಡವೆಂದೆ. ಅವನಿಗೆ ವಿಚಿತ್ರವಾಗಿ ಕಂಡಿರಬೇಕು.

ಅವುಗಳಲ್ಲಿ ಒಂದು ಕ್ಯಾಸೆಟ್ಟಿನಲ್ಲಿ ಒಬ್ಬ ಹುಡುಗನ ಪದ್ಯ ಮುಗಿದು, ಮೇಳ ಸೇರಿ, ಆರ್ಗನ್ನು ಸೇರಿ, ಜನರೆಲ್ಲ ಸೇರಿ ಹಾಡಿದ ಮೇಲೆ, ನಮ್ಮ ಅಡಿಗೆಮನೆಯ ಕುಕ್ಕರು ಒಂದು ಸಲ ಕೂಗುತ್ತದೆ. ಬಾಗಿಲಿನ ಬಳಿ ಬಳೆಯ ಸದ್ದು. ಅನಂತರ ನನ್ನ ತಾಯಿ, “ಏಳೋ, ಸಾರು ಆರಿಹೋಗತ್ತೆ, ಅವರು ಹಾಡ್ತಾನೇ ಇರ್ತಾರೆ” ಎನ್ನುತ್ತಾರೆ. ಅವರು ಹೋಗಿ ಇಪ್ಪತ್ತು ವರ್ಷವಾಯಿತು. ಆ ಮನೆಯನ್ನೂ ಕೆಡವಿ ಮೂರಂತಸ್ತು ಎಬ್ಬಿಸಿದ್ದಾರೆ. ನಾನು ಏನೋ ಗೊಣಗಿದ್ದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಬಳೆಯ ಸದ್ದು ಒಳಕ್ಕೆ ಹೋಗುತ್ತದೆ. ಅಷ್ಟರಲ್ಲಿ ಅಲೆ ಮತ್ತೆ ಏರಿ, ಅಲ್ಲಿ ಮೊದಲನೆಯ ಪಾಠ ಓದಲು ನಿಂತ ಹುಡುಗ ಗಂಟಲು ಸರಿಮಾಡಿಕೊಂಡು ಓದತೊಡಗುತ್ತಾನೆ.